ಗಂಟೆ ಬಾರಿಸಿ ಒಳಗೆ ಬಂದವರು

ಪಾದ್ರಿಯ ಬದುಕಿನಲ್ಲಿ ನಗುವುದಕ್ಕೆ ಏನಿರುತ್ತದೆ ಎಂದು ಕೇಳುವವರು ಸಣ್ಣ ಊರಿನ ಚರ್ಚೊಂದನ್ನು ನಡೆಸಿ ನೋಡಬೇಕು. ನಗುವ ಪ್ರಸಂಗಗಳು ತಾವಾಗಿಯೇ ವಿಳಾಸ ಕೇಳಿಕೊಂಡು ಬರುತ್ತವೆ.

ನಮ್ಮ ಭಾಗ ಮುಂಬೈ ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ನಿಲಂಗಾಕ್ಕೆ ಹಾಕಿದರು. ಮಣ್ಣಿನ ಮಾಳಿಗೆಯ ಒಂದೇ ಕೋಣೆಯ ಚರ್ಚು. ಅಲ್ಲಿಗೆ ಬರುವ ಸಭೆಯವರೆಲ್ಲ ಹೊಲದ ಕೂಲಿಗೆ ಹೋಗುವವರು. ಕಳಿಸುವಾಗಲೇ ದೊಡ್ಡ ಪಾದ್ರಿಗಳು ಹೇಳಿದ್ದರು: "ಮಳೆಗಾಲದಾಗ ಬಂದು ನೋಡ್ತೀನಿ. ಮಂದಿ ಬರದಿದ್ರ ಅದನ್ನ ಮುಚ್ಚಿ ಉದಗೀರದ ಸಭೆಗೆ ಸೇರಿಸೋಣ."

ಈ ಸುದ್ದಿ ಕೇಳಿ ಚರ್ಚಿನ ಕಸ ಗುಡಿಸುವ ಮುದುಕಿ ಕಸಬರಿಗೆ ಹಿಡಿದುಕೊಂಡೇ ನೆಲಕ್ಕೆ ಕುಳಿತಳು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಆ ಗೋಡೆಗಳನ್ನು ಕಟ್ಟಿದವನು ತೀರಿಹೋದ ಅವಳ ಗಂಡ. "ಮೋಟಾರ ಹತ್ತಿ ಉದಗೀರಕ್ಕ ಹೋದ್ರ ಊರಿಗಿ ಹೋದಂಗ ಆಗ್ತದ. ದೇವರ ಬಲ್ಲಿ ಹೋದಂಗ ಆಗಲ್ರೀ" ಎಂದಳು.

೧. ಎಮ್ಮೆಯ ದೂರು

ನಮ್ಮಲ್ಲಿ ಗಂಟೆ ಇರಲಿಲ್ಲ. ರೈಲು ಕಂಬಿಯ ತುಂಡೊಂದನ್ನು ಬೇವಿನ ಗಿಡಕ್ಕೆ ಕಟ್ಟಿ ಸುತ್ತಿಗೆಯಿಂದ ಬಡಿಯುತ್ತಿದ್ದೆವು. ಒಂದು ರವಿವಾರ ಎದುರು ಮನೆಯ ಸಾವುಕಾರರು ಬಂದರು. ಕಾಳಿನ ವ್ಯಾಪಾರಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಖಾಲಿ ಚೆಂಬು.

"ಪಾದ್ರಿಸಾಬ್ರ, ನೀವು ಅದನ್ನ ಬಡದ್ರ ನಮ್ಮ ಎಮ್ಮಿ ಹಾಲ ಕೊಡಲ್ರೀ."

"ಪ್ರಾರ್ಥನಾಕ್ಕ ಮಂದಿಗಿ ಕರಿಬೇಕಲ್ರೀ ಸಾವುಕಾರ್ರ?"

"ಮಂದಿಗಿ ಕರೀರಿ. ನಮ್ಮ ಎಮ್ಮಿಗಿ ಯಾಕ ಕರಿತೀರಿ?"

ಮರುವಾರ ಅವರೇ ಕಂಬಿಯ ಬದಲಿಗೆ ಒಂದು ಹಿತ್ತಾಳೆ ಗಂಟೆ ತಂದುಕೊಟ್ಟರು. ಗಂಟೆ ಎಂದರೆ ಬಾಗಿಲಲ್ಲೇ ಇರಬೇಕು ಎಂದು ಕೈಗೆಟಕುವಂತೆ ಹಗ್ಗ ಇಳಿಬಿಟ್ಟು ತಾವೇ ಕಟ್ಟಿಯೂ ಹೋದರು. ಅಲ್ಲಿಂದ ಶುರುವಾಯಿತು ನನ್ನ ಗೋಳು. ಒಳಗೆ ಬರುವವರೆಲ್ಲ ಒಮ್ಮೆ ಢಣ್ ಎನಿಸಿಯೇ ಬರುವರು. ನಾನು "ಪ್ರಿಯರೇ" ಎನ್ನುವಷ್ಟರಲ್ಲಿ ಢಣ್. ಬಾರಿಸಬೇಡಿ ಎಂದು ಹೇಳಿ ನೋಡಿದೆ.

"ಗಂಟಿ ಇದ್ದಮ್ಯಾಲ ಸುಮ್ಮ ಹ್ಯಾಂಗ ಬರೋದ್ರೀ?" ಎಂದಳು ಆಯಿ. "ಕಳ್ಳರಗತಿ ಹೊಕ್ಕಾರ ಅಂತಾನ ದೇವರು."

೨. ಬಾಟಲಿ

ಪ್ರಭುಭೋಜನದ ಸಂಸ್ಕಾರಕ್ಕೆ ಬೇಕಾದ ದ್ರಾಕ್ಷಾರಸವನ್ನು ನನ್ನ ಹೆಂಡತಿ ಒಣದ್ರಾಕ್ಷಿ ಕುದಿಸಿ ಮನೆಯಲ್ಲೇ ಮಾಡುತ್ತಿದ್ದಳು. ಆಗ ದಾರೂಬಂದಿಯ, ಅಂದರೆ ಪಾನನಿಷೇಧದ, ಕಾಲ. ಪಾದ್ರಿ ಗುಡಿಯಲ್ಲಿ ದಾರೂ ಕುಡಿಸುತ್ತಾರೆ ಎಂದು ಯಾರೋ ಚಾಡಿ ಹೇಳಿದರು. ಒಬ್ಬ ಪೊಲೀಸ ಬಂದು ನಿಂತ. ಇದು ದೊಡ್ಡ ಪಾದ್ರಿಗಳ ಕಿವಿಗೆ ಬಿದ್ದರೆ ಚರ್ಚು ಮುಚ್ಚಲು ಬೇರೆ ಕಾರಣವೇ ಬೇಡ.

ಹೆಂಡತಿ ಒಂದು ಬಟ್ಟಲು ರಸ ತುಂಬಿ ಅವನ ಕೈಗಿಟ್ಟಳು. ಅವನು ಆಸೆಯಿಂದಲೇ ಕುಡಿದ. ಮುಖ ಸಪ್ಪಗಾಯಿತು.

"ಏ ಬಾಯಿ, ಇದು ಕೆಮ್ಮಿನ ಕಾಢಾ ಅದ."

"ನಾ ದಾರೂ ಅಂದೀನೇನು?"

ಪೊಲೀಸ ತಲೆ ಕೆರೆದುಕೊಂಡು ದನಿ ತಗ್ಗಿಸಿದ: "ನಮ್ಮ ಅವ್ವಗ ಭಾಳ ಕೆಮ್ಮು ಅದ್ರೀ. ತುಸು ಕೊಡ್ತೀರೇನು?"

ಹಿಡಿಯಲು ಬಂದವನು ಹಾಡಹಗಲು ಬಾಟಲಿ ತುಂಬ ಕಷಾಯ ತುಂಬಿಸಿಕೊಂಡು ಹೊರಟ. ಓಣಿಯೆಲ್ಲ ನೋಡಿತು. ಆಮೇಲೆ ಯಾರೂ ಚಾಡಿ ಹೇಳಲಿಲ್ಲ, ಬಾಟಲಿ ಹಿಡಿದು ಬಂದು ಕೇಳಿದವರು ಮಾತ್ರ ಬಹಳ.

೩. ದೊಡ್ಡ ಪಾದ್ರಿಗಳು ಬಂದರು

ಬಂದದ್ದು ಸರಿಯಾಗಿ ಬಿತ್ತನೆಯ ರವಿವಾರ. ನೆಲದ ಹದ ಯಾರಿಗೂ ಕಾಯುವುದಿಲ್ಲವಲ್ಲ, ಸಭೆಯೆಲ್ಲ ಹೊಲದಲ್ಲಿ. ಒಳಗೆ ಇದ್ದವರು ನಾನು, ನನ್ನ ಹೆಂಡತಿ, ಗಂಡ ಕಟ್ಟಿದ ಗೋಡೆಗೆ ಬೆನ್ನು ಹಚ್ಚಿ ಕುಳಿತ ಆಯಿ. ಆಯಿಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ದೊಡ್ಡ ಪಾದ್ರಿಗಳು ಖಾಲಿ ಜಮಖಾನೆ ನೋಡಿ ನಿಟ್ಟುಸಿರು ಬಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಪ್ರಾರ್ಥನೆಗೆ ನಿಂತರು. ಒಮ್ಮೆ ಕಣ್ಣು ಮುಚ್ಚಿದರೆ ಆಮೆನ್ ತನಕ ತೆರೆಯುವವರಲ್ಲ. ಹೊರಗೆ ಮಳೆ ಧೋ ಎಂದು ಸುರಿಯತೊಡಗಿತು.

ಢಣ್.

ದೊಡ್ಡ ಪಾದ್ರಿಗಳ ಮಾತಿಗೆ ಗೆಲುವು ಬಂತು. ಢಣ್, ಢಣ್. ದನಿ ಏರಿತು. ಮತ್ತೆ ಢಣ್, ಢಣ್, ಢಣ್.

"ಸ್ವಾಮಿ, ಇಂಥ ಮಳೆಯಲ್ಲಿಯೂ ಒಬ್ಬೊಬ್ಬರಾಗಿ ಬರುತ್ತಿರುವ ಈ ಭಕ್ತರಿಗಾಗಿ ನಿನಗೆ ಸ್ತೋತ್ರ."

ನಾನು ಒಂದು ಕಣ್ಣು ತೆರೆದೆ. ಬಾಗಿಲಲ್ಲಿ ಸಾವುಕಾರರ ಎಮ್ಮೆ. ಮಳೆಗೆ ಹಗ್ಗ ಕಿತ್ತುಕೊಂಡು ಬಂದು ಅರ್ಧ ಒಳಗೆ ನಿಂತಿತ್ತು, ಕೋಡು ಗಂಟೆಯ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಅದು ತಲೆ ಕೊಡವಿದಷ್ಟೂ ಭಕ್ತರು ಹೆಚ್ಚುತ್ತಿದ್ದರು. ಪ್ರಾರ್ಥನೆಯ ನಡುವೆ ಬಾಯಿ ಹಾಕುವುದು ಹೇಗೆ?

ಆಮೆನ್ ಆಯಿತು. ದೊಡ್ಡ ಪಾದ್ರಿಗಳು ತಿರುಗಿ ಬಹಳ ಹೊತ್ತು ಎಮ್ಮೆಯನ್ನು ನೋಡಿದರು.

"ಇದು ನಿಮ್ಮ ಸಭೆಯದೇನು?"

ಆಯಿ ಎದ್ದು ಕೈಮುಗಿದಳು: "ಇಲ್ರೀ ಸಾಹೇಬ್ರ. ಇದರ ದೀಕ್ಷಾಸ್ನಾನ ಇನ್ನಾ ಆಗಿಲ್ಲ."

ಅಷ್ಟರಲ್ಲಿ ಸಾವುಕಾರರು ತೊಯ್ದು ಓಡಿಬಂದರು. ಒಳಗೆ ಪ್ರಾರ್ಥನೆಗೆ ನಿಂತವರನ್ನು ಕಂಡು ಹೊರಗೇ ಕಾಲಿನ ಜೋಡು ಬಿಟ್ಟು, ಕೋಡಿನಿಂದ ಹಗ್ಗ ಬಿಡಿಸಿ, ಮೊದಲು ಗಂಟೆ ಬಾರಿಸಿದರು. ಆಮೇಲೆ ಎಮ್ಮೆಯನ್ನು ಹಿಡಿದರು. ಅವರ ಹಿಂದೆಯೇ ನಮ್ಮ ಸಭೆ. ಮಳೆಗೆ ಬಿತ್ತನೆ ನಿಂತಿತ್ತು. ತಲೆಯ ಮೇಲೆ ಗೋಣಿಚೀಲ ಹೊದ್ದು, ಕೆಸರುಗಾಲಲ್ಲಿ ಬಂದು, ಒಬ್ಬೊಬ್ಬರೂ ಢಣ್ ಎನಿಸಿ ಒಳಗೆ ಕುಳಿತರು. ಜಮಖಾನೆ ಕಾಣದಾಯಿತು.

ದೊಡ್ಡ ಪಾದ್ರಿಗಳು ನಗುತ್ತ ಕಣ್ಣೊರೆಸಿಕೊಂಡರು. "ಈ ಚರ್ಚು ಇಲ್ಲೇ ಇರಲಿ. ಮುಚ್ಚಿದ್ರ ಈ ಎಮ್ಮಿಗಿ ಉದಗೀರಕ್ಕ ಕರಕೊಂಡು ಹೋಗೋರು ಯಾರು?"

ಆಯಿ ಗೋಡೆಗೆ ಅಂಗೈ ಒತ್ತಿಕೊಂಡು ಅತ್ತಳು. ನಾನೂ ಅತ್ತೆ.

ಸಾವುಕಾರರಿಗೆ ಮಾತ್ರ ನಮ್ಮ ಅಳುವಿನ ಪರಿವೆ ಇರಲಿಲ್ಲ. ಎಮ್ಮೆಯನ್ನು ಎಳೆಯುತ್ತಾ ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದರು.

"ಪಾದ್ರಿಸಾಬ್ರ, ನಾ ಮೊದಲೇ ಹೇಳಿದ್ದೆ, ನಮ್ಮ ಎಮ್ಮಿಗಿ ಕರಿಬ್ಯಾಡ್ರಿ ಅಂತ."