ವಕ್ಕಲೇರಿ ಹಸುವೂ ಪಿಕಪ್ಪಿನ ಹಿಂಬಾಗಿಲೂ

ಬಾಗಿಲು ಭದ್ರಪಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಮಾಸ್ತಿಯಲ್ಲಿಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ತೊಂಬತ್ತರ ದಶಕದ ಕೊನೆಯಿರಬೇಕು. ಆ ನಂಬಿಕೆಯಿಂದ ಒಬ್ಬ ತಾಯಿಗೂ ಅವಳ ಕೂಸಿಗೂ ಮಾಡಿದ ಅನ್ಯಾಯವನ್ನು ಈ ವಯಸ್ಸಿನಲ್ಲಾದರೂ ಒಪ್ಪಿಕೊಳ್ಳುತ್ತೇನೆ.

ತರಕಾರಿ ಸಾಗಿಸಲು ಕೊಂಡಿದ್ದ ನನ್ನ ಹಳೆಯ ಪಿಕಪ್ಪಿಗೆ ಒಂದೂವರೆ ಕ್ಯಾಬಿನ್. ಡ್ರೈವರ್ ಸೀಟಿನ ಹಿಂದೆ ಎರಡು ಮೂಟೆ ಹಿಡಿಸುವಷ್ಟು ಜಾಗ, ಅದಕ್ಕೆ ಎರಡು ಪುಟ್ಟ ಬಾಗಿಲು. ಮುಂದಿನ ಬಾಗಿಲುಗಳಿಗೆ ಇವು ಸರಿಯಾಗಿ ಉಲ್ಟಾ: ಕೀಲು ಹಿಂಬದಿಗೆ, ಹಿಡಿ ಮುಂಬದಿಗೆ. ಎಡಗಡೆಯದರ ಲಾಕು ಸವೆದಿತ್ತು. ಸುಮ್ಮನೆ ನಿಂತಾಗ ಕಚ್ಚಿಕೊಳ್ಳುತ್ತಿತ್ತು, ಗಾಡಿ ಕುಲುಕಿದರೆ ಬಿಡುತ್ತಿತ್ತು.

ಮನೆಯಲ್ಲೊಂದು ಹಸು ಇರಬೇಕೆಂಬುದು ನನ್ನ ಹೆಂಡತಿ ಸರೋಜಳ ಬಹುಕಾಲದ ಆಸೆ. ವಕ್ಕಲೇರಿಯ ಮುನಿಯಪ್ಪ, ಕರು ಹಾಕಿ ವಾರವಾಗಿದ್ದ ತನ್ನ ಹಸುವನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೊಡಲು ಒಪ್ಪಿದ. ಹಸುವನ್ನು ಹಿಂದೆ ಹತ್ತಿಸಿದೆವು. ಅದು ತುಳಿದೀತೆಂದು ಕರುವನ್ನು ಕ್ಯಾಬಿನ್ನಿನ ಹಿಂಭಾಗದಲ್ಲಿ ಮಲಗಿಸಿದೆವು.

"ಆ ಬಾಗ್ಲು ನಿಲ್ತದಾ ಅಣ್ಣಾ? ಕರು ಕಣ್ಮುಂದೆ ಇಲ್ದಿದ್ರೆ ಇವ್ಳು ಒಂದು ತೊಟ್ಟೂ ಹಾಲು ಇಳ್ಸಲ್ಲ" ಎಂದ ಮುನಿಯಪ್ಪ, ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಾ.

"ಎಸ್ಸೆಸ್ಸೆಲ್ಸಿ ಪಾಸು ಕಣಯ್ಯಾ ನಾನು!" ಎಂದೆ.

ಇದ್ದದ್ದು ಒಂದೇ ಹಗ್ಗ. ಹಸುವಿನ ಕೊರಳ ಹಗ್ಗದ ಇನ್ನೊಂದು ತುದಿಯನ್ನೇ ಹೊರಗಿನಿಂದ ತಂದು ಬಾಗಿಲಿನ ಹಿಡಿಗೆ ಬಿಗಿದೆ. ಹಸು ಎಳೆದಷ್ಟೂ ಬಾಗಿಲು ಬಿಗಿ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಊರಾಚೆ ರಸ್ತೆಯ ಮೇಲೆ ರಾಗಿ ಹರಡಿದ್ದರು, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಲೆಂದು. ನಿಧಾನಿಸಿದೆ. ಗಾಡಿ ಕುಲುಕಿತು. ಬದಿಯಲ್ಲಿದ್ದ ಹೆಂಗಸರು ಕೈಯೆತ್ತಿ ಏನೋ ಕೂಗಿದರು. ರಾಗಿ ತುಳಿದುಕೊಟ್ಟಿದ್ದಕ್ಕೆ ಕೃತಜ್ಞತೆ ಸಲ್ಲಿಸುತ್ತಿದ್ದಾರೆಂದು ಭಾವಿಸಿ, ನಾನೂ ಕೈಯೆತ್ತಿ ಅದನ್ನು ಸ್ವೀಕರಿಸಿದೆ.

ತುಸು ಹೊತ್ತಿನಲ್ಲೇ ಕನ್ನಡಿಯಲ್ಲಿ ಮುನಿಯಪ್ಪನ ಮೊಪೆಡ್! ಒಂದೇ ಸಮನೆ ಹಾರನ್ನು, ಟವಲಿನ ಬೀಸಾಟ. ಮನಸ್ಸು ಬದಲಾಯಿಸಿ ಹಸುವನ್ನು ವಾಪಸ್ ಕೇಳಲು ಬರುತ್ತಿದ್ದಾನೆ! ಆಕ್ಸಿಲರೇಟರ್ ಒತ್ತಿದೆ. ಅವನು ಚುಕ್ಕಿಯಾಗಿ, ಮಾಯವಾದ. ಹಿಂದೆ ಏನೋ ಪಟಪಟ ಬಡಿಯುತ್ತಿತ್ತು. ಹಸು ಒದೆಯುತ್ತಿದೆ ಎಂದುಕೊಂಡೆ.

ಮಾಲೂರಿನಲ್ಲಿ ಬಸ್ ಕಂಡಕ್ಟರನೊಬ್ಬ "ಯಜಮಾನ್ರೇ, ಬಾಗ್ಲು! ಬಾಗ್ಲು!" ಎಂದು ಅರಚಿದ.

"ಭದ್ರವಾಗಿದೆ ಕಣಪ್ಪಾ!" ಎಂದು ನಾನೂ ಅರಚಿ ಮುಂದೆ ಹೋದೆ.

ಮನೆ ಮುಂದೆ ಸರೋಜ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹಸುವಿನ ಹಣೆಗೆ ಕುಂಕುಮವಿಟ್ಟಳು. "ಕರು ಎಲ್ರೀ?"

"ಮಹಾರಾಜನ ಹಾಗೆ ಮಲಗಿದೆ, ಬಾ" ಎಂದು ಎಡಗಡೆಗೆ ಕರೆದೊಯ್ದೆ.

ಬಾಗಿಲು ಹಾರು ಹೊಡೆದಿತ್ತು. ಒಳಗೆ ಒಂದು ಹಿಡಿ ಹುಲ್ಲು. ಕರುವಿಲ್ಲ!

"ಬಾಗ್ಲನ್ನ ಯಾವುದಕ್ಕೆ ಕಟ್ಟಿದ್ರಿ?"

"ಹಸುಗೆ."

ಸರೋಜ ಕೀಲು ನೋಡಿದಳು, ಹಗ್ಗ ನೋಡಿದಳು. ಬಾಗಿಲು ಮುಚ್ಚಿ ಹಗ್ಗವನ್ನು ಹಿಂದಕ್ಕೆ ಮೆಲ್ಲಗೆ ಎಳೆದಳು. ಅದು ಬೀರುವಿನ ಬಾಗಿಲಿನಂತೆ ಅಂದವಾಗಿ ತೆರೆದುಕೊಂಡಿತು!

"ರೀ, ಹಿಡಿ ಎಳುದ್ರೆ ಬೀರು ಮುಚ್ಕೊಳ್ಳತ್ತಾ?"

ನಾನು ಬಾಗಿಲು ಭದ್ರಪಡಿಸಿರಲಿಲ್ಲ. ಅದನ್ನು ತೆರೆಯುವ ಅಧಿಕಾರವನ್ನು ಹಸುವಿಗೆ ವಹಿಸಿಕೊಟ್ಟಿದ್ದೆ. ಕರುವಿಗಾಗಿ ಅತ್ತಿತ್ತ ತಿರುಗಿ, ಆ ತಾಯಿಯೇ ಕರುವನ್ನು ಬೀದಿಗೆ ಬಿಟ್ಟಿದ್ದಳು!

ಹಸು ಕ್ಯಾಬಿನ್ನಿನ ಕಡೆ ಮುಖ ಮಾಡಿ ಅಂಬಾ ಎಂದಿತು. ಆ ಕೂಗು ಕೇಳಿ ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಕಲು ಹೊರಡೋಣವೆಂದು ನಾನು ಗಾಡಿ ಹತ್ತುವಷ್ಟರಲ್ಲಿ ಮೊಪೆಡ್ಡಿನ ಸದ್ದು. ಮುನಿಯಪ್ಪನ ಮೊಣಕಾಲುಗಳ ನಡುವೆ ಕರು, ಪೆಟ್ಟಿಲ್ಲದೆ!

"ಅಯ್ಯೋ ದೇವುಡಾ, ಏನಣ್ಣಾ ನೀವು! ರಾಗಿ ಹುಲ್ಲಿನ ಮೇಲೆ ಬಿತ್ತು, ಉಳ್ಕೊಂತು. ಹೆಂಗಸ್ರು ಕೂಗಿದ್ದು ಕೇಳಿ ಎತ್ಕೊಂಡು ಬಂದೆ. ಹಾರನ್ ಹೊಡುದ್ರೆ ನಿಲ್ಸೋದು ಬಿಟ್ಟು ಇನ್ನೂ ಓಡ್ತೀರಲ್ಲಾ!"

"ನೀನು ಹಸು ವಾಪಸ್ ಕೇಳ್ತೀಯ ಅಂತ..."

"ಆಗ ಕೇಳ್ಲಿಲ್ಲ. ಈಗ ಕೇಳ್ತಿದ್ದೀನಿ. ಕೊಡಿ ನನ್ನ ಹಸೂನ!"

ಸರೋಜಳ ಮುಖ ಬಿಳಿಚಿಕೊಂಡಿತು. ಆದರೂ ಮೊದಲು ಹಸುವನ್ನು ಇಳಿಸಿ, ಕರುವನ್ನು ಕೆಚ್ಚಲಿಗೆ ಬಿಟ್ಟಳು. ಹಸು ಕರುವಿನ ಬೆನ್ನು ನೆಕ್ಕುತ್ತಾ ಹಾಲಿಳಿಸಿತು. ಕರುವಿನ ಬಾಯ ತುಂಬಾ ನೊರೆ. ಸರೋಜ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಮುನಿಯಪ್ಪ ಬಹಳ ಹೊತ್ತು ನೋಡಿದ.

"ಆಯ್ತು ತಾಯೀ, ನಿಮ್ಮನ್ನ ನೋಡಿ ಬಿಟ್ಟೋಗ್ತೀನಿ. ಆದ್ರೆ ಈ ಎಸ್ಸೆಸ್ಸೆಲ್ಸಿ ಅಣ್ಣ ಇನ್ಮೇಲೆ ಹಗ್ಗ ಮುಟ್ಬಾರ್ದು."

"ದೇವ್ರಾಣೆ ಮುಟ್ಸಲ್ಲ" ಎಂದಳು ಸರೋಜ.

ಮುಂದೊಮ್ಮೆ ತಾಯಿ ಮಗು ಇಬ್ಬರನ್ನೂ ಮಾಲೂರಿನ ಪಶುವೈದ್ಯರಿಗೆ ತೋರಿಸಬೇಕಾಯಿತು. ಪಿಕಪ್ ಓಡಿಸಿದ್ದು ನನ್ನ ಭಾವಮೈದ. ಅವನ ಪಕ್ಕದಲ್ಲಿ ಸರೋಜ. ಹಿಂದೆ ಕರುವಿನ ಜೊತೆ ಮಂಡಿ ಮಡಚಿ ಕೂತು, ಎರಡೂ ಕೈಯಿಂದ ಬಾಗಿಲು ಹಿಡಿದುಕೊಂಡಿದ್ದ ಹೊಸ ಲಾಕು ನಾನೇ! ದಾರಿಯುದ್ದಕ್ಕೂ ಕರು ನನ್ನ ಕಿವಿ ಚೀಪುತ್ತಿತ್ತು. ಕೈ ಬಿಡುವಂತಿರಲಿಲ್ಲ.