ಹೆಂಗಸರಿಲ್ಲದ ರೇಡಿಯೋ

ಹಳೆಯ ವಸ್ತುಗಳನ್ನು ಅವುಗಳ ಪಾಡಿಗೆ ಬಿಡದವರಲ್ಲಿ ನಾನೂ ಒಬ್ಬ. ಹೊಸಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅಜ್ಜಂದಿರ ಕಾಲದ ವಾಲ್ವ್ ರೇಡಿಯೋಗಳಿಗೆ ಮರುಜನ್ಮ ಕೊಡುತ್ತೇನೆ. ಮರದ ಪೆಟ್ಟಿಗೆ, ತಿರುಗುಗುಂಡಿ, ನಿಲ್ದಾಣ ಸಿಕ್ಕಾಗ ಕಿರಿದಾಗುವ ಹಸಿರು ಕಣ್ಣು ಎಲ್ಲ ಹಳೆಯವೇ. ಹೊಟ್ಟೆಯೊಳಗೆ ಮಾತ್ರ ಪುಟ್ಟದೊಂದು ಡಿಜಿಟಲ್ ಬೋರ್ಡು. ಎಲ್‌ಇಡಿ ಬಲ್ಬು, ಪಂಪ್‌ಸೆಟ್ಟುಗಳು ಎಬ್ಬಿಸುವ ಗೊರಗೊರವನ್ನು ಅದು ಸೋಸುತ್ತದೆ. ಯಾವುದು ಗೊರಗೊರ ಎಂಬುದನ್ನು ಮಾತ್ರ ನಾವೇ ಕಲಿಸಬೇಕು. ನಿಲ್ದಾಣವಿಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಎದುರಿಗೆ ಮೈಕ್ ಹಿಡಿದು, ಇದೆಲ್ಲ ಕಸ, ಇಂಥದ್ದು ಬಂದರೆ ತೆಗೆದುಹಾಕು ಎಂದು ಸ್ವಲ್ಪ ಹೊತ್ತು ಕೇಳಿಸಿದರಾಯಿತು. ಇದನ್ನು ಹೆಂಡತಿ ಶಾರದೆಗೆ ವಿವರಿಸಲು ಕೂತಾಗಲೆಲ್ಲ ಆಕೆಗೆ ಒಲೆಯ ಮೇಲಿನ ಸಾರು ನೆನಪಾಗುತ್ತದೆ.

ಕಂಪ್ಲಿಯ ಹಂಪಮ್ಮನವರು ತೀರಿಕೊಂಡ ಯಜಮಾನರ ರೇಡಿಯೋ ಹೊತ್ತು ತಂದದ್ದು ಒಂದೇ ಕಾರಣಕ್ಕೆ. ಬಾಳೆನಾರಿನ ಚೀಲ ಹೆಣೆಯುವ ಅವರ ಮಗಳು ಮಲ್ಲಮ್ಮನ ಸಂದರ್ಶನ ಪ್ರಸಾರವಾಗುವುದಿತ್ತು.

"ಮೊಬೈಲ್‌ನಾಗ ಬ್ಯಾಡ್ರಿ. ನಮ್ಮ ಯಜಮಾನ್ರು ದಿನಾ ಇದರ ಮುಂದನ ಕುಂದ್ರತಿದ್ರು. ಮಗಳ ದನಿ ಇದರಾಗ ಬರಬೇಕು," ಎಂದರು.

ಅಷ್ಟೇ ತಾನೇ ಎಂದು ಒಪ್ಪಿಕೊಂಡೆ. ರಿಪೇರಿಯಾದ ಮೇಲೆ ಕ್ರಿಕೆಟ್ ಕಾಮೆಂಟರಿ ಹಾಕಿ ನೋಡಿದೆ. ತೊಳೆದಿಟ್ಟಂಥ ದನಿ! ನನ್ನ ಬೆನ್ನು ನಾನೇ ತಟ್ಟಿಕೊಂಡು ರೇಡಿಯೋವನ್ನು ಹಂಪಮ್ಮನವರಿಗೆ ಒಪ್ಪಿಸಿದೆ.

ಪ್ರಸಾರದ ದಿನ ಮಧ್ಯಾಹ್ನ ಹೊಗಳಿಕೆಯ ಆಸೆಯಿಂದ ಕಂಪ್ಲಿಗೇ ಹೋದೆ. ಹಂಪಮ್ಮ ರೇಡಿಯೋಗೆ ಹೂವು ಏರಿಸಿದ್ದರು. "ನಮಸ್ಕಾರ ಮಲ್ಲಮ್ಮನವರೇ," ಎಂದಿತು ಗಂಡು ದನಿ. ಆಮೇಲೆ ಮೌನ, ಬಾವಿಯ ತಳದಂಥ ಮೌನ. ಹಸಿರು ಕಣ್ಣು ಕಿರಿದಾಗಿಯೇ ಇತ್ತು. ಅಂದರೆ ನಿಲ್ದಾಣ ಇದೆ. "ಅಯ್ಯೋ, ಎಷ್ಟು ಕಷ್ಟಪಟ್ಟಿದ್ದೀರಿ!" ಎಂದು ಆತ ಮರುಗಿದ. ಮತ್ತೆ ಮೌನ. ಇದ್ದಕ್ಕಿದ್ದಂತೆ ಜೋರಾಗಿ ನಕ್ಕ. ಎದುರಿಗೆ ಯಾರೂ ಇಲ್ಲದೆ ಒಬ್ಬ ಮನುಷ್ಯ ಹಾಗೆ ನಗುವುದನ್ನು ಹಾಡಹಗಲಲ್ಲೇ ಕೇಳಿದರೂ ಮೈ ಜುಮ್ಮೆನ್ನುತ್ತದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹಂಪಮ್ಮ ಪೆಟ್ಟಿಗೆಗೆ ಕಿವಿ ಹಚ್ಚಿದರು. "ನನ್ನ ಮಗಳಿಗೆ ಏನಾತ್ರಿ? ಸತ್ತೋರ ಕೂಡ ಮಾತಾಡಿದಂಗ ಮಾತಾಡ್ತಾನಲ್ರಿ ಇಂವ! ಮೊನ್ನಿಂದ ಇದರಾಗ ಒಂದು ಹೆಣ್ಣಿನ ದನಿ ಇಲ್ಲ. ಹೆಣ್ಮಕ್ಕಳೆಲ್ಲಾ ಎಲ್ಲಿ ಹೋದ್ರು?"

ಆಗ ಹೊಳೆಯಿತು. ಮೈಕ್ ಹಿಡಿದು ಕಸ ಕಲಿಸುತ್ತಿದ್ದ ಹೊತ್ತಿನಲ್ಲಿ ಶಾರದೆ ಅಡುಗೆಮನೆಯಿಂದ "ಊಟಕ್ಕ ಬರ್ರಿ, ಆರಿಹೋಗ್ತೈತಿ" ಎಂದು ಕರೆಯುತ್ತಲೇ ಇದ್ದಳು. ವಿಧೇಯ ಯಂತ್ರ ಅದನ್ನೂ ಕಲಿತುಕೊಂಡು ಹೆಣ್ಣುದನಿಯನ್ನೆಲ್ಲ ಗುಡಿಸಿ ಹಾಕುತ್ತಿತ್ತು. ರೇಡಿಯೋದ ಹಿಂದೆ ಕೈ ಹಾಕಿ ಸೋಸುವ ಸ್ವಿಚ್ ಆರಿಸಿದೆ. ಗೊರಗೊರ ಧೋ ಎಂದು ನುಗ್ಗಿತು. ಅದರ ನಡುವಿನಿಂದಲೇ ಮಲ್ಲಮ್ಮ ಹೇಳುತ್ತಿದ್ದಳು: "ನಾರು ತಗಿಯೋದು ಕಲಿಸಿದಾಕಿ ನಮ್ಮವ್ವನ್ರಿ..." ಹಂಪಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

ರೇಡಿಯೋವನ್ನು ಮತ್ತೆ ಮನೆಗೆ ತಂದು, ಬೋರ್ಡು ಕಲಿತದ್ದನ್ನೆಲ್ಲ ಅಳಿಸಿ ಹೊಸದಾಗಿ ಕಲಿಸಲು ಕೂತೆ. ಈ ಸಲ ಎಚ್ಚರ ತಪ್ಪಲಿಲ್ಲ. ಶಾರದೆಯನ್ನು ಎದುರಿಗೇ ಕೂರಿಸಿ, ತಾಂತ್ರಿಕ ಕೆಲಸದಲ್ಲಿ ಮೌನದ ಮಹತ್ವ ಎಂಥದ್ದು ಎಂಬುದನ್ನು ಚೆನ್ನಾಗಿ ಮನದಟ್ಟು ಮಾಡಿಸುತ್ತಲೇ ಮೈಕ್ ಹಿಡಿದೆ. ಆಕೆ ತುಟಿ ಬಿಚ್ಚಲಿಲ್ಲ. ನಡುವೆ ಒಮ್ಮೆ ಮೈಕಿನ ಕಡೆಗೆ, ಆಮೇಲೆ ನನ್ನ ಬಾಯಿಯ ಕಡೆಗೆ ಬೆರಳು ತೋರಿಸಿದಳು. ಅಡ್ಡ ಬರಬೇಡ ಎಂದು ಗದರಿ ಮಾತು ಮುಂದುವರಿಸಿದೆ.

ರೇಡಿಯೋ ಕಂಪ್ಲಿ ಸೇರಿದ ಮೇಲೆ ಹಂಪಮ್ಮನವರ ಫೋನ್ ಬಂತು. ಕೈಯಲ್ಲಿ ಕೆಲಸವಿತ್ತೆಂದು ಸ್ಪೀಕರ್ ಹಾಕಿದೆ. "ಈಗ ಹೆಣ್ಮಕ್ಕಳು ಮಸ್ತ್ ಮಾತಾಡ್ತಾರ್ರಿ. ಗಂಡಸರದು ಮಾತ್ರ ಸದ್ದೇ ಇಲ್ಲ."

"ನಾಳೆನೇ ಬಂದು ಸರಿ ಮಾಡ್ತೀನಮ್ಮಾ," ಎಂದೆ.

"ಬ್ಯಾಡ್ರೀ ಬ್ಯಾಡ! ಮನಿ ಭಾಳ ತಣ್ಣಗೈತಿ. ಹಂಗ ಇರ್ಲಿ ಬಿಡ್ರಿ."

ಫೋನ್ ಇಟ್ಟೆ. ಅಡುಗೆಮನೆಯಿಂದ ಶಾರದೆ ಬಂದಳು. ಜೀವನದಲ್ಲಿ ಮೊದಲ ಸಲ ನನ್ನ ಕೆಲಸದ ಬಗ್ಗೆ ಆಕೆಗೆ ಆಸಕ್ತಿ ಹುಟ್ಟಿತ್ತು.

"ರೀ, ಅಂಥದೊಂದು ಬೋರ್ಡು ಕಿವಿಗೆ ಹಾಕ್ಕೊಳ್ಳೋ ಹಂಗ ಮಾಡಾಕ ಬರ್ತೈತೇನ್ರಿ?"