ಎಂಜಿನ್ ಹಿಂದೆ, ಕೀಲಿ ಮುಂದೆ

ಒಂಟಿಯಾಗಿ ಬದುಕುವವರಿಗೆ ಏನನ್ನಾದರೂ ಬಿಚ್ಚುವ ಚಟ ಹತ್ತಿಕೊಳ್ಳುತ್ತದೆ. ಮೊದಲು ಹಳೆಯ ಸ್ವೆಟರ್ ಬಿಚ್ಚುತ್ತೇವೆ, ಆಮೇಲೆ ಅಟ್ಟದ ಟ್ರಂಕು, ಆಮೇಲೆ ಕೆಟ್ಟುಹೋದ ಮಿಕ್ಸಿ. ಯಾರಾದರೂ ಬಾಗಿಲಲ್ಲಿ ನಿಂತು “ಏನಿದು, ಮನೆ ತುಂಬಾ ಹರಡ್ಕೊಂಡಿದ್ದೀರಲ್ಲ?” ಎಂದು ಕೇಳಲಿ ಎಂಬ ಆಸೆ ಇದಕ್ಕೆಲ್ಲ ಮೂಲವಿರಬೇಕು. ನಾನು ಬಿಚ್ಚಿದ್ದು ಕಾರಿನ ಎಂಜಿನ್ನನ್ನು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಊಟದ ಮೇಜಿನ ಮೇಲೆ ಹರಡಿದೆ. ಆ ಮೇಜಿಗೆ ಊಟಕ್ಕೆ ಕೂರುವವಳು ನಾನೊಬ್ಬಳೇ ಆದ್ದರಿಂದ ಯಾರ ತಟ್ಟೆಗೂ ಜಾಗ ಕಡಿಮೆಯಾಗಲಿಲ್ಲ. ಯಾರೂ ಬಂದು ಕೇಳಲೂ ಇಲ್ಲ.

ಕಾರು ಅಪ್ಪನದು. ಆಮೆಯ ಬೆನ್ನಿನಂತೆ ಗುಂಡಗಿರುವ ಹಳೆಯ ವಿದೇಶಿ ಕಾರು. ಅಪ್ಪ ಹೋದ ಮೇಲೆ ಅದು ಲಿಂಗರಾಜಪುರದ ನಮ್ಮ ಮನೆಯಂಗಳದಲ್ಲಿ ನಿಂತೇ ಇತ್ತು. ಅದರ ಇಳಿಜಾರು ಬೆನ್ನಿನ ಮೇಲೆ ಅಮ್ಮ ಹಪ್ಪಳ ಒಣಗಿಸುತ್ತಿದ್ದಳು. ಅಮ್ಮನೂ ಹೋದಳು. ಹಲಸೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರಾದ ನಾನು ಸಂಜೆಯ ಗಂಟೆ ಹೊಡೆಯುವವರೆಗೆ ಗಂಟಲು ಒಣಗುವಷ್ಟು ಮಾತಾಡುತ್ತೇನೆ. ಗಂಟೆ ಹೊಡೆದ ಮೇಲೆ ನನ್ನ ಧ್ವನಿ ಮತ್ತೆ ಹೊರಡುವುದು ಮರುದಿನ ಬೆಳಿಗ್ಗೆ ಹಾಲಿನವನಿಗೆ “ಅರ್ಧ ಲೀಟರ್ ಸಾಕು” ಎನ್ನುವಾಗ. ಹಾಗಿರುವಾಗ ಅಮ್ಮನ ತಿಥಿಗೆ ಬಂದ ಚಿಕ್ಕಪ್ಪ ಕೈ ತೊಳೆಯುತ್ತಾ ಕಾರಿನ ಕಡೆ ನೋಡಿ, “ಇನ್ನು ಇದನ್ನ ಗುಜರಿಗೆ ಹಾಕ್ಬಿಡಮ್ಮ. ಮದುವೆ ಆಗಿದ್ದಿದ್ರೆ ಬೇರೆ ಮಾತು” ಎಂದರು. ಮದುವೆಗೂ ಗುಜರಿಗೂ ಇರುವ ಸಂಬಂಧ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಕಾರನ್ನು ಓಡುವಂತೆ ಮಾಡಿಯೇ ತೀರಬೇಕೆಂಬ ಹಟ ಆಗಲೇ ಹುಟ್ಟಿತು.

ಅದೊಂದು ವಿಚಿತ್ರ ಎಂಜಿನ್. ರೇಡಿಯೇಟರ್ ಇಲ್ಲ, ನೀರು ಬೇಡ. ಒಂದು ಫ್ಯಾನು ಬೀಸುವ ಗಾಳಿಯಲ್ಲೇ ತಣ್ಣಗಾಗುತ್ತದೆ. ನಲ್ಲಿಯಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು ಬರುವ ನಮ್ಮ ಬೀದಿಗೆ ಇದಕ್ಕಿಂತ ತಕ್ಕ ಕಾರು ಸಿಗದು. ಆಟೋ ಸ್ಟ್ಯಾಂಡಿನವರು ಬಂದು ಎಂಜಿನ್ನನ್ನು ಕೆಳಗಿಳಿಸಿ, ಹೆಣ ಹೊರುವವರ ಗಾಂಭೀರ್ಯದಿಂದ ನಡುಮನೆಗೆ ತಂದಿಟ್ಟರು. ಫುಟ್‌ಪಾತಿನಲ್ಲಿ ಸಿಕ್ಕಿದ ಕೈಪಿಡಿಯೊಂದನ್ನು ಪಕ್ಕಕ್ಕಿಟ್ಟುಕೊಂಡು ನಾನು ಶುರುಮಾಡಿದೆ. ಸವೆದ ಭಾಗಗಳಿಗಾಗಿ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗೆ ಹೋದರೆ ಅಲ್ಲಿಯ ಸಾಹೇಬರು ನನ್ನ ಸೀರೆಯನ್ನೂ ಉಗುರಿನ ಗ್ರೀಸನ್ನೂ ಒಟ್ಟಿಗೆ ನೋಡಿ ಗಲಿಬಿಲಿಗೊಂಡರು.

“ನಿಮ್ಮ ಯಜಮಾನ್ರನ್ನ ಕಳಿಸಿ ಮೇಡಂ, ಅವ್ರಿಗೆ ಹೇಳ್ತೀನಿ.”

“ಯಜಮಾನರು ಇಲ್ಲ.”

“ಮತ್ತೆ ಎಂಜಿನ್ ಬಿಚ್ಚಿದ್ದು ಯಾರು?”

“ನಾನೇ.”

“ಯಾ ಅಲ್ಲಾ!” ಎಂದು ಅವರು ಚಹಾ ತರಿಸಿದರು. ಅದು ಅಭಿನಂದನೆಯೋ ಸಾಂತ್ವನವೋ ಗೊತ್ತಾಗಲಿಲ್ಲ. ಚಹಾ ಮಾತ್ರ ಚೆನ್ನಾಗಿತ್ತು.

ಭಾನುವಾರಗಳೆಲ್ಲ ಪಿಸ್ಟನ್ನು, ವಾಲ್ವುಗಳ ಜೊತೆ ಕಳೆದವು. ಜೋಡಿಸುವಾಗ ನಾನು ಅವುಗಳೊಡನೆ ಮಾತಾಡುತ್ತಿದ್ದೆ. “ಎಲ್ಲಿಗೆ ಉರುಳ್ತೀಯೋ, ಬಾ ಇಲ್ಲಿ” ಎಂದು ನಟ್ಟಿಗೆ ಗದರುವುದು, ಸುಲಭವಾಗಿ ಕೂತ ರಿಂಗಿಗೆ “ಜಾಣೆ” ಎನ್ನುವುದು. ಇದನ್ನು ಯಾರಾದರೂ ಕೇಳಿಸಿಕೊಂಡಿದ್ದರೆ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ ಎನ್ನುವುದೇ ಕಾಯಿಲೆಯಾಗಿತ್ತು. ಕೊನೆಗೆ ಎಲ್ಲವೂ ಕೂಡಿಕೊಂಡಿತು. ಆಟೋದವರೇ ಮತ್ತೆ ಬಂದು ಎಂಜಿನ್ನನ್ನು ಕಾರಿಗೆ ಏರಿಸಿ, “ಸ್ಟಾರ್ಟ್ ಆದ್ರೆ ಸ್ವೀಟ್ ಕೊಡ್ಸಿ ಟೀಚರ್” ಎಂದು ಬಾಡಿಗೆಗೆ ಓಡಿದರು.

ಉಳಿದದ್ದು ಟೈಮಿಂಗ್. ಸಿಲಿಂಡರಿನೊಳಗೆ ಪೆಟ್ರೋಲಿನ ಆವಿ ಒತ್ತಿಕೊಂಡು ಸಿದ್ಧವಾದ ಕ್ಷಣಕ್ಕೆ ಸರಿಯಾಗಿ ಕಿಡಿ ಹಾರಬೇಕು. ತುಸು ಮೊದಲಾದರೂ ತಪ್ಪು, ತುಸು ತಡವಾದರೂ ತಪ್ಪು. ಎಂಜಿನ್ ತಿರುಗುತ್ತಿರುವಾಗ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಆ ಕ್ಷಣವನ್ನು ಹಿಡಿಯಬೇಕು. ಆದರೆ ಈ ಕಾರಿನ ಎಂಜಿನ್ ಹಿಂದೆ, ಕೀಲಿ ಮುಂದೆ! ಕೀಲಿ ತಿರುಗಿಸಿ ನಾನು ಹಿಂದಕ್ಕೆ ಓಡಿಬರುವಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗಿರುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿಗೆ ಪ್ರದಕ್ಷಿಣೆ ಹಾಕಿ ಹಾಕಿ ಸುಸ್ತಾಗಿ ಮೆಟ್ಟಿಲ ಮೇಲೆ ಕೂತೆ. ಕೀಲಿ ತಿರುಗಿಸಲು ಒಂದು ಕೈ ಬೇಕು, ಅಷ್ಟೆ. ಯಾರನ್ನು ಕರೆಯಲಿ? ಆಟೋದವರು ಬಾಡಿಗೆಗೆ ಹೋಗಿಯಾಗಿತ್ತು. ಮರ್ಫಿ ಟೌನಿನ ಗೆಳತಿ ಮಗಳ ಬಾಣಂತನದಲ್ಲಿದ್ದಳು. ಚಿಕ್ಕಪ್ಪನನ್ನು ಕರೆಯುವುದಕ್ಕಿಂತ ಗುಜರಿಯವನನ್ನು ಕರೆಯುವುದು ಮೇಲು. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಒಂದು ಕೀಲಿ ತಿರುಗಿಸಿ ಎಂದು ಕೇಳುವಷ್ಟು ಸಲಿಗೆಯ ಮನುಷ್ಯರು ನನಗಿಲ್ಲವೆಂದು ಆ ಬೆಳಿಗ್ಗೆ ತಿಳಿಯಿತು. ಎಂಜಿನ್ ಬಿಚ್ಚದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಉಳಿದವರು ಪಕ್ಕದ ಮನೆಯ ದೊರೈರಾಜ್ ಒಬ್ಬರೇ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಕಿವಿ ಬಹಳ ಮಂದ. ಕಾಂಪೌಂಡಿನ ಆಚೀಚೆ ಇಷ್ಟು ಕಾಲ ನಾವು ಆಡಿದ ಮಾತೆಂದರೆ “ನೀರು ಬಂತಾ?” ಒಂದೇ. ಕಿಟಕಿ ಬಡಿದು ಕೈಸನ್ನೆ ಮಾಡಿದೆ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಡ್ಯೂಟಿಗೆ ಹೊರಟವರಂತೆ ಬಂದು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಹೋಗಿ ಬಗ್ಗಿ ಕೂಗಿದೆ: “ತಿರುಗಿಸಿ!”

ಏನೂ ಆಗಲಿಲ್ಲ. ಇನ್ನೂ ಜೋರಾಗಿ “ತಿರುಗಿಸಿ ಗಾರ್ಡ್ ಸಾರ್!” ಎಂದೆ. ಅವರು ಬೆವರು ಸುರಿಸುತ್ತಾ ಸ್ಟೀರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದರು.

“ಅದಲ್ಲ ಸಾರ್, ಕೀ!” ಎಂದು ಕಾರಿನ ಬೆನ್ನು ಬಡಿದು ಅರಚಿದೆ.

“ಅಯ್ಯೋ, ಕೀನಾ? ಮೊದ್ಲೇ ಹೇಳ್ಬಾರ್ದಾ ಟೀಚರಮ್ಮ!” ಎಂದು ಕೀಲಿ ತಿರುಗಿಸಿದರು.

ಢಂ! ಎಂದಿತು ಕಾರು. ಹೊಗೆಕೊಳವೆಯಿಂದ ಬೆಂಕಿಯ ನಾಲಗೆ ಬಂದು ಹೋಯಿತು. ಕಾಗೆಗಳೆಲ್ಲ ಎದ್ದವು, ಎದುರುಮನೆಯವರು ಗ್ಯಾಸ್ ಸಿಲಿಂಡರೇ ಸಿಡಿಯಿತೆಂದು ಹೊರಗೋಡಿ ಬಂದರು. ನಾನು ಮುಂದೆ ಹೋದರೆ ದೊರೈರಾಜ್ ಮುಖ ಅರಳಿಸಿ ಕೂತಿದ್ದರು. “ಕೇಳಿಸ್ತು! ಟೀಚರಮ್ಮ, ಇದು ನಂಗೆ ಚೆನ್ನಾಗಿ ಕೇಳಿಸ್ತು!” ಎಂದರು. ಎಷ್ಟು ದಿನದ ಮೇಲೆ ಲೋಕದ ಒಂದು ಸದ್ದು ಅವರ ಮನೆಬಾಗಿಲಿಗೆ ಬಂದಿತ್ತೋ. ಬೈಯಲು ಬಂದ ನಾನು ಹಿಂದಕ್ಕೆ ಹೋಗಿ ಕೈಪಿಡಿ ತೆರೆದೆ.

ತಪ್ಪು ನನ್ನದೇ. ಆ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ ಒಂದು, ನಾಲ್ಕು, ಮೂರು, ಎರಡು. ನಾನು ವೈರುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಶಿಸ್ತಾಗಿ ಜೋಡಿಸಿದ್ದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಂದ ಕೈ ಅದು. ಕೈಪಿಡಿ ಏನು ಹೇಳಿದರೇನು? ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಸನ್ನೆ ಕೊಟ್ಟೆ. ಈ ಸಲ ಎಂಜಿನ್ ಗೊಣಗಿ, ಮುಗ್ಗರಿಸಿ, ಹಿಡಿದುಕೊಂಡಿತು. ಡಬ್ಬಿಯನ್ನು ಮೆಲ್ಲಗೆ ಸರಿಸುತ್ತಾ ಹೋದೆ. ಒಂದು ಕಡೆ ಅದರ ಒರಟುತನವೆಲ್ಲ ಕಳೆದು, ಹೊಲಿಗೆ ಯಂತ್ರದ ಹಾಗೆ ಹದವಾಗಿ ಓಡತೊಡಗಿತು. ಸ್ಕ್ರೂ ಬಿಗಿದು ಬಂದು ದೊರೈರಾಜರ ಪಕ್ಕದಲ್ಲಿ ಕೂತೆ.

“ಸರಿ, ಹೊರಡೋಣ್ವಾ?” ಎಂದರು ಅವರು.

“ನಂಗೆ ಓಡ್ಸೋಕೆ ಬರಲ್ಲ ಸಾರ್. ನೀವು?” ಎಂದು ಅವರ ಕಿವಿಯ ಹತ್ತಿರ ಕೂಗಿದೆ.

“ನಾನು ಗಾರ್ಡು ಅಮ್ಮ. ಹಸಿರು ಬಾವುಟ ತೋರಿಸ್ತಿದ್ದೆ, ಅಷ್ಟೆ.”

ಹೀಗೆ ಹೊರಡಲಾರದ ಕಾರಿನಲ್ಲಿ ನಾವಿಬ್ಬರೂ ಗಾಜು ಇಳಿಸಿಕೊಂಡು ಕೂತೆವು. ಅವರು ಜೋಲಾರಪೇಟೆಯ ದಾರಿಯ ಸ್ಟೇಷನ್ನುಗಳ ಹೆಸರನ್ನು ಒಂದೊಂದಾಗಿ ಹೇಳಿದರು, ಅವರ ಹೆಂಡತಿ ಕಟ್ಟಿಕೊಡುತ್ತಿದ್ದ ಬುತ್ತಿಯ ವಿಷಯ ಹೇಳಿದರು. ನಾನು ಅಮ್ಮನ ಹಪ್ಪಳದ ಕತೆಯನ್ನು ಕೂಗಿ ಕೂಗಿ ಹೇಳಿದೆ. ಇಡೀ ಬೀದಿ ಕೇಳಿಸಿಕೊಂಡಿತು.

ಬ್ಯಾಟರಿ ಸಾಯದಿರಲು ಆಗಾಗ ಎಂಜಿನ್ ಓಡಿಸಬೇಕು. ಭಾನುವಾರ ಬಂದರೆ ನಾನು ಅವರ ಕಿಟಕಿ ಬಡಿದು, “ಗಾಡಿ ಸ್ಟಾರ್ಟ್ ಮಾಡೋಕೆ ಇಬ್ಬರು ಬೇಕು ಸಾರ್” ಎನ್ನುತ್ತಿದ್ದೆ. ಬಹಳ ದಿನ ಹೀಗೆ ನಡೆಯಿತು. ಒಂದು ಭಾನುವಾರ ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು: “ಟೀಚರಮ್ಮ, ಊರಲ್ಲಿ ಅಷ್ಟೊಂದು ಕಾರಿದೆ. ಎಲ್ಲಾರೂ ಒಬ್ಬೊಬ್ರೇ ಸ್ಟಾರ್ಟ್ ಮಾಡ್ಕೊಂಡು ಹೋಗ್ತಾರೆ, ನೋಡ್ತಾನೇ ಇದ್ದೀನಿ.” ಕೊನೆಯ ಗುಂಡಿ ಹಾಕಿ ಮುಂದುವರಿಸಿದರು: “ಆದ್ರೆ ನಿಮ್ಮ ಕಾರು ಬೇರೆ ಥರ. ನಡೀರಿ.”

ಮಕ್ಕಳು ಹೇಳುವ ನೆಪಗಳನ್ನು ಮುಖ ನೋಡಿಯೇ ಹಿಡಿಯುತ್ತೇನೆಂದು ಸ್ಟಾಫ್ ರೂಮಿನಲ್ಲಿ ನನಗೊಂದು ಹೆಸರಿದೆ. ಆ ಹೆಸರನ್ನು ಇನ್ನು ದೊರೈರಾಜರಿಗೆ ಬಿಟ್ಟುಕೊಡುವುದೇ ಮರ್ಯಾದೆ. ಕಿವಿ ಕೇಳದವರು ಕೂಡ ಮೊದಲ ದಿನವೇ ಹಿಡಿಯಬಹುದಾದ ಸುಳ್ಳನ್ನು ನಾನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದೆ.